ಗೇಣು ಜಾಗದಲ್ಲಿ ಒಂದು ಮೇಜು

ಘಟಪ್ರಭೆಯ ದಂಡೆಯ ನಮ್ಮ ಊರುಗಳಲ್ಲಿ ಮನೆ ಕಟ್ಟಿಸುವವರು ದೇವರ ಕೋಣೆಗೆ ಸ್ಥಳವನ್ನು ಮೊದಲು ಗೊತ್ತುಮಾಡುತ್ತಾರೆ, ತದನಂತರ ಅಡಿಗೆಮನೆಗೆ, ಆ ಬಳಿಕ ತಿಜೋರಿಯು ಯಾವ ದಿಕ್ಕಿಗೆ ಮುಖಮಾಡಬೇಕೆಂಬುದಕ್ಕೆ. ಆದರೆ ಆ ಮನೆಯಲ್ಲಿ ಓದುವವರು, ಬರೆಯುವವರು, ಲೆಕ್ಕವಿಡುವವರು ಎಲ್ಲಿ ಕುಳಿತುಕೊಳ್ಳತಕ್ಕದ್ದೆಂಬ ಪ್ರಶ್ನೆಯನ್ನು ಗವಂಡಿಯೂ ಕೇಳುವುದಿಲ್ಲ, ಯಜಮಾನನೂ ಎತ್ತುವುದಿಲ್ಲ. ಈ ಉಪೇಕ್ಷೆಯ ಫಲವನ್ನು ನಾವು 2020ರ ಮಾರ್ಚ್ ತಿಂಗಳ ಕಡೆಯ ವಾರದಲ್ಲಿ ಉಣ್ಣಬೇಕಾಗಿ ಬಂದಿತು. ಪುಣೆಯಿಂದಲೂ ಬೆಂಗಳೂರಿನಿಂದಲೂ ಚೀಲವನ್ನು ಹೆಗಲಿಗೇರಿಸಿಕೊಂಡು ಗೋಕಾಕಕ್ಕೆ, ಮೂಡಲಗಿಗೆ, ಹುಕ್ಕೇರಿಗೆ ಮರಳಿದ ಮಕ್ಕಳು ತಂತಮ್ಮ ಲ್ಯಾಪ್‌ಟಾಪುಗಳನ್ನಿಡಲು ಸ್ಥಳವನ್ನರಸುತ್ತ ಮನೆಯೆಲ್ಲ ಸುತ್ತಿದರು. ಒಬ್ಬನು ಹೊಲಿಗೆ ಯಂತ್ರದ ಮೇಲೆ, ಒಬ್ಬಳು ಇಸ್ತ್ರಿಯ ಹಲಗೆಯ ಮೇಲೆ, ಮತ್ತೊಬ್ಬನು ಜೋಳದ ಚೀಲಗಳ ಒಟ್ಟಿಲಿನ ಮೇಲೆ ಇಟ್ಟುಕೊಂಡು ದೂರದೇಶದ ಕಂಪನಿಗಳ ವ್ಯವಹಾರವನ್ನು ಸಾಗಿಸಿದರು.

ಆ ಕಾಲ ಕಳೆಯಿತು, ಹೋದವರು ಹೋದರು. ಆದರೆ ಹೀಗೆ ಮನೆಯೊಳಕ್ಕೆ ಬಂದ ಕಚೇರಿಯು ಪೂರ್ತಿಯಾಗಿ ಹೊರಟುಹೋಗಲಿಲ್ಲ. ವಾರದಲ್ಲಿ ಎರಡು ದಿನ ಮನೆಯಿಂದಲೇ ದುಡಿಯುವ ತರುಣರು, ವಿಮೆಯ ಏಜೆಂಟರು, ಸಹಕಾರಿ ಸೊಸಾಯಿಟಿಗಳ ಜಮಾಖರ್ಚು ಬರೆದುಕೊಡುವ ನಿವೃತ್ತ ಗುಮಾಸ್ತರು, ಮೊಬೈಲಿನ ಮುಂದೆ ನಿಂತು ಪಾಠ ಹೇಳುವ ಶಿಕ್ಷಕಿಯರು, ಕರದಂಟಿನ ಪೆಟ್ಟಿಗೆಗಳಿಗೆ ವಿಳಾಸ ಅಂಟಿಸಿ ಕೊರಿಯರಿಗೆ ಕೊಡುವ ಗೃಹಿಣಿಯರು, ಇವರೆಲ್ಲರಿಗೂ ಈಗ ಮನೆಯೇ ಕಾರ್ಯಸ್ಥಾನ. ಅದಕ್ಕೆಂದು ಪೀಠೋಪಕರಣಗಳೂ ಬರುತ್ತಿವೆ. ಬರುತ್ತಿರುವ ರೀತಿಯ ವಿಷಯದಲ್ಲಿ ಮಾತ್ರ ನನ್ನ ಆಕ್ಷೇಪವುಂಟು. ಸಣ್ಣ ಮನೆಯ ಮೇಜನ್ನು ಚಿತ್ರ ನೋಡಿ ಆರಿಸತಕ್ಕದ್ದಲ್ಲ. ಕುಳಿತುಕೊಳ್ಳುವವರ ಮೈಯಿಂದಲೂ, ಅದು ನಿಲ್ಲತಕ್ಕ ಗೋಡೆಯಿಂದಲೂ ಅಳತೆ ತೆಗೆದು, ಸಾಧ್ಯವಾದಮಟ್ಟಿಗೆ ನಮ್ಮ ಊರಿನ ಬಡಿಗರಿಂದಲೇ ಮಾಡಿಸತಕ್ಕದ್ದು ಎಂಬುದು ನನ್ನ ಅಭಿಪ್ರಾಯ.

ಹುಕ್ಕೇರಿಯಲ್ಲಿರುವ ನನ್ನ ಹಳೆಯ ಮಿತ್ರರೊಬ್ಬರ ಕಥೆಯನ್ನು ಇಲ್ಲಿ ಹೇಳಬಹುದು, ಅವರು ನಕ್ಕು ಸುಮ್ಮನಿರತಕ್ಕವರಾದ್ದರಿಂದ. ನಿವೃತ್ತಿಯ ನಂತರ ಲೆಕ್ಕಪತ್ರದ ಕೆಲಸವನ್ನು ಕೈಗೊಂಡ ಅವರು ಹತ್ತಡಿ ಉದ್ದ ಹತ್ತಡಿ ಅಗಲದ ತಮ್ಮ ಮುಂಗೋಣೆಗೆ ಗಾಜಿನ ಹಾಸುಳ್ಳ, ಸಾಹೇಬರ ಮೇಜೆಂದು ಕರೆಯಿಸಿಕೊಳ್ಳುವ ಐದಡಿಯ ಮೇಜೊಂದನ್ನು ತರಿಸಿದರು. ಮೇಜಿನ ಅಗಲ ಎರಡೂವರೆ ಅಡಿ. ಕುರ್ಚಿ ಹಿಂದಕ್ಕೆ ಸರಿದು ಮನುಷ್ಯನು ಏಳುವುದಕ್ಕೆ ಇನ್ನೂ ಮೂರು ಅಡಿ ಬೇಕು. ಅಂದರೆ 100 ಚದರಡಿಯ ಕೋಣೆಯಲ್ಲಿ 27½ ಚದರಡಿಯನ್ನು ಆ ಒಂದು ಪದಾರ್ಥವೇ ನುಂಗಿತು. ಬಾಗಿಲು ಈಗ ಅರ್ಧ ಮಾತ್ರ ತೆರೆಯುತ್ತದೆ. ಬಂದವರು ಮೈ ಅಡ್ಡ ಮಾಡಿಕೊಂಡು ಒಳಗೆ ನುಸುಳುತ್ತಾರೆ, ಕುಳಿತ ಮೇಲೆ ಅವರ ಮೊಣಕಾಲು ಮೇಜಿನ ಮುಂಬದಿಯ ಹಲಗೆಗೆ ತಗಲುತ್ತದೆ. ಮಿತ್ರರು ವಾಸ್ತವದಲ್ಲಿ ಲೆಕ್ಕ ಬರೆಯುವುದು ಆ ಗಾಜಿನ ಒಂದು ಮೂಲೆಯಲ್ಲಿ, ಒಂದೂವರೆ ಅಡಿ ಜಾಗದಲ್ಲಿ. ಉಳಿದ ಭಾಗದಲ್ಲಿ ಲಗ್ನಪತ್ರಿಕೆಗಳು, ಔಷಧದ ಡಬ್ಬಿ, ಮತ್ತು ಮೊಮ್ಮಗನ ಕ್ರಿಕೆಟ್ ಚೆಂಡು. ಅವರು ಕೊಂಡದ್ದು ಅಧಿಕಾರದ ಲಾಂಛನವನ್ನು. ನಲವತ್ತು ವರ್ಷ ಯಾರದೋ ಮೇಜಿನ ಈಚೆ ನಿಂತವರಿಗೆ ಆಚೆ ಕುಳಿತುಕೊಳ್ಳುವ ಆಸೆ ಇರುವುದು ಸಹಜ. ಅದನ್ನು ಹಾಸ್ಯ ಮಾಡಲಾರೆ. ಆದರೆ ಆಸೆಗೆ ತಕ್ಕ ಮೇಜು ಬೇರೆ, ಕೆಲಸಕ್ಕೆ ತಕ್ಕ ಮೇಜು ಬೇರೆ.

ಮನೆಯಲ್ಲಿಯೇ ಕಚೇರಿ ನಡೆಸುವುದು ನಮ್ಮ ನಾಡಿಗೆ ಹೊಸದೆಂದು ಯಾರೂ ತಿಳಿಯಬಾರದು. ನಮ್ಮ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1950ರ ಕಾನೂನಿನ ಮೂಲಕ ಕುಲಕರ್ಣಿ ವತನಗಳು ರದ್ದಾಗುವವರೆಗೂ, ಪ್ರತಿಯೊಂದು ಹಳ್ಳಿಯ ಭೂಮಿಕಾಣಿಯ ದಫ್ತರವು ಒಂದು ಮನೆಯ ಪಡಸಾಲೆಯಲ್ಲಿಯೇ ಇರುತ್ತಿತ್ತು. ಅಡತಿ ಅಂಗಡಿಯ ದಿವಾಣಜಿಯು ಕೀರ್ದಿ ಖತಾವಣಿಗಳನ್ನು ಸಂಜೆ ಮನೆಗೆ ಹೊತ್ತು ತಂದು ಕಂದೀಲಿನ ಬೆಳಕಿನಲ್ಲಿ ಬಾಕಿ ಕೂಡಿಸುತ್ತಿದ್ದನು. ಈ ಮಹತ್ತರ ವ್ಯವಹಾರಕ್ಕೆಲ್ಲ ಇದ್ದ ಸಲಕರಣೆಗಳೆಷ್ಟು? ಒಂದು ಗಾದಿ, ಒಂದು ಲೋಡು, ಗೋಡೆಯಲ್ಲಿ ಒಂದು ಮಾಡ, ಎದುರಿಗೆ ಒಂದು ಇಳಿಜಾರಿನ ಡೆಸ್ಕು.

ನನ್ನ ಅಜ್ಜನು ಗೋಕಾಕದ ಒಂದು ಬೆಲ್ಲದ ಅಡತಿಯಲ್ಲಿ ದಿವಾಣಜಿಯಾಗಿದ್ದನು. ಅವನ ಡೆಸ್ಕು ಈಗ ನನ್ನಲ್ಲಿದೆ. ಎರಡಡಿ ಉದ್ದ, ಒಂದೂವರೆ ಅಡಿ ಅಗಲ. ಮುಂಭಾಗದ ಎತ್ತರ ಎಂಟು ಇಂಚು, ಹಿಂಭಾಗದ್ದು ಹನ್ನೊಂದು. ಮೇಲಿನ ಹಲಗೆಯನ್ನೆತ್ತಿದರೆ ಒಳಗೆ ವಹಿಗಳನ್ನಿಡುವ ಪೆಟ್ಟಿಗೆ, ಅದರೊಳಗೊಂದು ಚಿಕ್ಕ ಕಳ್ಳ ಅರೆ. ಹಿಂದಿನ ಅಂಚಿನ ಸಮತಟ್ಟಾದ ಪಟ್ಟಿಯಲ್ಲಿ ಲೆಕ್ಕಣಿಕೆ ಉರುಳದಂತೆ ಕೊರೆದ ಕಾಲುವೆ, ದೌತಿ ಕೂಡುವುದಕ್ಕೆ ಒಂದು ದುಂಡನೆಯ ಕುಳಿ. ಆ ಕುಳಿಯ ಸುತ್ತ ಸಾಗವಾನಿ ಇಂದಿಗೂ ನೀಲಿ. ಬಲಗೈಯ ಮಣಿಕಟ್ಟು ಊರುತ್ತಿದ್ದ ಸ್ಥಳದಲ್ಲಿ ಹಲಗೆಯು ಅಂಗೈಯಗಲ ಸವೆದು ನುಣುಪಾಗಿದೆ. ಎರಡು ಮೂಲೆಗಳಿಗೆ ಹಿತ್ತಾಳೆಯ ಪಟ್ಟಿ, ಮೂರನೆಯದರದು ಎಂದೋ ಬಿದ್ದುಹೋದದ್ದು. ಊಟದ ಹೊತ್ತಿಗೆ ಅಜ್ಜಿಯು ಇದನ್ನು ಒಂದೇ ಕೈಯಿಂದ ಗೋಡೆಗೆ ಸರಿಸಿ ಅದೇ ಜಾಗದಲ್ಲಿ ಮಣೆ ಹಾಕುತ್ತಿದ್ದಳಂತೆ. ಕೋಣೆಯೊಂದು ಹಗಲಿನಲ್ಲಿ ಕಚೇರಿಯಾಗಿ, ಮಧ್ಯಾಹ್ನ ಊಟದ ಮನೆಯಾಗಿ, ರಾತ್ರಿ ಶಯನಗೃಹವಾಗಿ ಮೂರು ಅವತಾರಗಳನ್ನು ತಾಳುತ್ತಿದ್ದುದು, ಅದರಲ್ಲಿದ್ದ ಪ್ರತಿಯೊಂದು ವಸ್ತುವೂ ಎದ್ದು ಹೋಗಬಲ್ಲುದಾಗಿದ್ದುದರಿಂದ.

ಇಷ್ಟು ಹೇಳಿದ ಮಾತ್ರಕ್ಕೆ ನಾವೆಲ್ಲರೂ ಮರಳಿ ನೆಲದ ಮೇಲೆ ಕುಳಿತುಕೊಳ್ಳಬೇಕೆಂದು ನಾನು ಬೋಧಿಸುತ್ತಿರುವೆನೆಂದು ಭಾವಿಸಕೂಡದು. ಸಾಬರಮತಿಯ ಆಶ್ರಮದಲ್ಲಿ ಗಾಂಧೀಜಿಯವರ ಗಿಡ್ಡ ಮೇಜನ್ನು ಕಂಡು ಬಂದವರು ಅದರ ಸರಳತೆಯನ್ನು ಕೊಂಡಾಡುತ್ತಾರೆ. ಆ ಮೇಜಿನ ಮುಂದೆ ಕುಳಿತವರು ದಿನಂಪ್ರತಿ ಮೈಲಿಗಟ್ಟಲೆ ನಡೆಯುತ್ತಿದ್ದರೆಂಬುದನ್ನು ಮರೆಯುತ್ತಾರೆ. ನನ್ನ ಅಜ್ಜನೂ ಗಿರಾಕಿ ಬಂದಾಗಲೆಲ್ಲ ಎದ್ದು, ಬೆಲ್ಲದ ಪೆಂಟೆ ಮುಟ್ಟಿ ನೋಡಿ, ತಕ್ಕಡಿಯ ಹತ್ತಿರ ನಿಂತು, ಮತ್ತೆ ಬಂದು ಕುಳಿತುಕೊಳ್ಳುತ್ತಿದ್ದನು. ಎಂಟು ತಾಸು ಒಂದೇ ಪರದೆಯನ್ನು ನೋಡುತ್ತ ಚಕ್ಕಳಮಕ್ಕಳ ಹಾಕಿ ಕೂತರೆ ಕಾಲು ಜೋಮು ಹಿಡಿಯುತ್ತದೆ, ಬೆನ್ನು ಬಿಲ್ಲಾಗುತ್ತದೆ, ಐವತ್ತು ದಾಟಿದವರ ಮೊಣಕಾಲಂತೂ ಏಳುವಾಗ ಗೋಡೆಯನ್ನು ಹುಡುಕುತ್ತದೆ. ಹಳೆಯ ಡೆಸ್ಕಿನಿಂದ ನಾವು ಕಲಿಯಬೇಕಾದದ್ದು ಅದರ ಗಿಡ್ಡತನವನ್ನಲ್ಲ. ಕಡಿಮೆ ಜಾಗ, ಎತ್ತಿಡುವ ಸೌಲಭ್ಯ, ಕೆಲಸಕ್ಕೆ ಬೇಕಾದ ಪ್ರತಿಯೊಂದು ವಸ್ತುವಿಗೂ ಅದರದೇ ಒಂದು ಗೂಡು, ಮತ್ತು ಗಟ್ಟಿತನ.

ಗಟ್ಟಿತನದ ಮಾತು ಬಂದುದರಿಂದ 2019ರ ಆಗಸ್ಟ್ ತಿಂಗಳನ್ನು ನೆನೆಯದೆ ಮುಂದೆ ಹೋಗಲಾರೆ. ಆ ವರ್ಷ ಘಟಪ್ರಭೆಯು ಗೋಕಾಕದ ತಗ್ಗಿನ ಓಣಿಗಳಿಗೆ ನುಗ್ಗಿದಾಗ ನಮ್ಮ ಮನೆಯ ನಡುಮನೆಯಲ್ಲಿ ಮೊಣಕಾಲುದ್ದದ ನೀರು ನಿಂತಿತು. ನಾವು ಮರಳಿ ಬಂದಾಗ ಅಜ್ಜನ ಡೆಸ್ಕು ಕೆಸರಿನಲ್ಲಿ ಮಗುಚಿ ಬಿದ್ದಿತ್ತು. ತೊಳೆದು ಹದಿನೈದು ದಿನ ನೆರಳಿನಲ್ಲಿಟ್ಟೆವು, ಒಂದು ಹಲಗೆ ಸ್ವಲ್ಪ ಬಾಗಿತು, ಅಷ್ಟೆ. ಅದರ ಪಕ್ಕದಲ್ಲಿಯೇ ಇದ್ದ, ಅದೇ ವರ್ಷ ಬೇಸಿಗೆಯಲ್ಲಿ ಒಂದು ದೊಡ್ಡ ಅಂಗಡಿಯಿಂದ ಕೊಂಡುತಂದ ಹೊಳೆಹೊಳೆಯುವ ಮೇಜಿನ ಕಾಲುಗಳು ಮಾತ್ರ ನೆನೆದ ಅವಲಕ್ಕಿಯಂತೆ ಉಬ್ಬಿ, ಮುಟ್ಟಿದರೆ ಹುಡಿಯುದುರುತ್ತಿದ್ದುವು. ಪಾರ್ಟಿಕಲ್ ಬೋರ್ಡೆಂಬುದು ಕಟ್ಟಿಗೆಯ ಹೊಟ್ಟು ಚೂರುಗಳನ್ನು ಅಂಟಿನಲ್ಲಿ ಕಲಸಿ ಒತ್ತಿ ಮಾಡಿದ ಹಲಗೆ. ಅಂಚಿನ ಪಟ್ಟಿ ಎಲ್ಲಿ ಬಿಟ್ಟಿತೋ ಅಲ್ಲಿಂದ ನೀರು ಹೀರುತ್ತದೆ, ಒಮ್ಮೆ ಬಿಚ್ಚಿದ ಸ್ಕ್ರೂ ಎರಡನೆಯ ಸಲ ಅದರಲ್ಲಿ ನಿಲ್ಲುವುದಿಲ್ಲ. ಪ್ರವಾಹದ ಮಾತು ಹಾಗಿರಲಿ, ದಿನವೂ ನೆಲ ಒರೆಸುವ, ಹಬ್ಬಕ್ಕೊಮ್ಮೆ ಬಿಂದಿಗೆಗಟ್ಟಲೆ ನೀರು ಸುರಿದು ತೊಳೆಯುವ ನಮ್ಮ ಮನೆಗಳಲ್ಲಿ ಅಂತಹ ಹಲಗೆಯ ಕಾಲು ನೆಲಕ್ಕೆ ತಾಗಿಕೊಂಡಿರುವುದೇ ಅವಿವೇಕ. ಅಗ್ಗವೆಂದು ಅದನ್ನೇ ಕೊಳ್ಳಬೇಕಾದವರು ಕಾಲುಗಳನ್ನು ಮಾತ್ರವಾದರೂ ಕಬ್ಬಿಣದವನ್ನು ಮಾಡಿಸಿಕೊಳ್ಳಲಿ.

ಮುಂದಿನ ವರ್ಷ ನನ್ನ ತಮ್ಮನ ಮಗಳು ಪುಣೆಯಿಂದ ಬಂದು ಊಟದ ಮೇಜಿನ ಮೇಲೆ ಕೆಲಸ ಆರಂಭಿಸಿದಳು. ಎರಡು ತಿಂಗಳಿನಲ್ಲಿ ಹೆಗಲು ನೋವೆಂದು ಕೂಗಿಕೊಂಡಳು. ಮನೆಯ ಹಿರಿಯನಾದ ನಾನು ಮೂಡಲಗಿಯ ಕಡೆಯ ವೃದ್ಧ ಬಡಿಗನೊಬ್ಬನನ್ನು ಕರೆಸಿ, ಮೂವತ್ತು ಇಂಚು ಎತ್ತರ, ನಾಲ್ಕು ಅಡಿ ಉದ್ದ ಎಂದು ಅಳತೆಗಳನ್ನು ಒಪ್ಪಿಸತೊಡಗಿದೆ. ಆತನು ಕಿವಿಯ ಮೇಲಿದ್ದ ಪೆನ್ಸಿಲನ್ನು ತೆಗೆಯಲೇ ಇಲ್ಲ.

“ಮೇಜ ಯಾರಿಗ್ರಿ?” ಎಂದನು.

“ನಮ್ಮ ತಮ್ಮನ ಮಗಳಿಗಪಾ.”

“ಹಂಗಾರ ಅಳತಿ ನೀವ್ಯಾಕ ಹೇಳಾಕತ್ತೀರಿ? ತಂಗೀನ ಕರೀರಿ.”

ಬಂದವಳನ್ನು ಗೋಡೆಯ ಬದಿಗೆ ಒಂದು ಗಿಡ್ಡ ಸ್ಟೂಲಿನ ಮೇಲೆ ಕೂರಿಸಿ, “ಅಳತಿ ಕೊಡೂ ಹಂಗ ಕುಂಡ್ರಬ್ಯಾಡವಾ, ದಿನಾ ಕೆಲಸ ಮಾಡೂ ಹಂಗ ಕುಂಡ್ರು,” ಎಂದನು. ಪಾದಗಳು ನೆಲಕ್ಕೆ ಪೂರ್ತಿ ಊರುವಂತೆ ಆಸನದ ಎತ್ತರವನ್ನು ಎರಡು ಹಲಗೆ ತುಂಡುಗಳಿಂದ ಸರಿಪಡಿಸಿದನು. ಆಮೇಲೆ ಜೇಬಿನಿಂದ ಒಂದು ಬಿಳಿಯ ದಾರ ತೆಗೆದು, ಅದರ ತುದಿಯನ್ನು ನೆಲಕ್ಕೆ ಹಿಡಿದು, ಮೊಣಕಾಲಿನ ಹಿಂಬದಿಯ ಮಡಿಕೆಗೆ ಒಂದು ಗಂಟು, ಮಡಿಚಿದ ಮೊಣಕೈಗೆ ಒಂದು ಗಂಟು, ಕಣ್ಣಿನ ಮಟ್ಟಕ್ಕೆ ಒಂದು ಗಂಟು ಹಾಕಿದನು. ಪಟ್ಟಿ ಹಿಡಿದು ನೋಡಿದಾಗ ಮೊದಲನೆಯದು 15 ಇಂಚು, ಎರಡನೆಯದು 24½, ಮೂರನೆಯದು 43. ಅವಳ ಎತ್ತರ ಐದಡಿ ಒಂದಂಗುಲ. ನಾನು ಹೇಳಿದ ಮೂವತ್ತು ಇಂಚಿನ ಮೇಜು ಅವಳ ಮೊಣಕೈಗಿಂತ ಐದೂವರೆ ಇಂಚು ಮೇಲಿರುತ್ತಿತ್ತು. ಊಟದ ಮೇಜೂ ಅಷ್ಟೇ ಎತ್ತರದ್ದು. ಎರಡು ತಿಂಗಳ ಕಾಲ ಆ ಹುಡುಗಿಯು ಹೆಗಲೆತ್ತಿಕೊಂಡೇ ದುಡಿದಿದ್ದಳು.

ಬೆರಳು, ಗೇಣು, ಮೊಳ, ಮಾರು, ಆಳುದ್ದ, ನಮ್ಮ ಭಾಷೆಯ ಅಳತೆಗಳೆಲ್ಲ ಮನುಷ್ಯಶರೀರದಿಂದ ಹುಟ್ಟಿದವು. ಅವು ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನವಾಗುತ್ತವೆಂಬ ಕಾರಣಕ್ಕೆ ವ್ಯಾಪಾರದಿಂದ ಹೊರಗಾದುದು ನ್ಯಾಯವೇ ಸರಿ. ಬಟ್ಟೆ ಅಳೆಯುವವನ ಮೊಳ ಗಿಡ್ಡದಾದರೆ ಕೊಳ್ಳುವವನಿಗೆ ನಷ್ಟ. ಆದರೆ ಕುರ್ಚಿ ಮೇಜುಗಳ ವಿಷಯದಲ್ಲಿ ಆ ಭಿನ್ನತೆಯೇ ಬೇಕಾದ ಗುಣ. ಪೇಟೆಯ ಮೇಜುಗಳು ಸಾಮಾನ್ಯವಾಗಿ 29 ರಿಂದ 30 ಇಂಚು, ಕುರ್ಚಿಯ ಆಸನ 17 ರಿಂದ 18 ಇಂಚು ಎತ್ತರದವು. ಇವು ಎತ್ತರದ ಗಂಡಸಿಗೆ ಒಗ್ಗುತ್ತವೆ, ಐದಡಿಯ ಹೆಂಗಸಿಗೆ ಒಗ್ಗುವುದಿಲ್ಲ. ಕುರ್ಚಿಯನ್ನೆತ್ತಿದರೆ ಪಾದ ನೇತಾಡುತ್ತದೆ, ಇಳಿಸಿದರೆ ಹೆಗಲು ಏರುತ್ತದೆ. ಈಗಾಗಲೇ ಎತ್ತರದ ಮೇಜು ಕೊಂಡವರಿಗೆ ಒಂದು ಸುಲಭ ಪರಿಹಾರವುಂಟು: ಕುರ್ಚಿಯನ್ನು ಎತ್ತರಿಸಿ, ಕಾಲ ಕೆಳಗೆ ಒಂದು ಮಣೆ ಇಟ್ಟುಕೊಳ್ಳುವುದು. ನಮ್ಮ ಯಾವ ಮನೆಯಲ್ಲಿಯೂ ಮಣೆಗೆ ಬರವಿಲ್ಲ.

ಲ್ಯಾಪ್‌ಟಾಪೆಂಬ ಯಂತ್ರದಲ್ಲಿ ಒಂದು ಜನ್ಮಜಾತ ದೋಷವಿದೆ. ಅದರ ಪರದೆ ಮತ್ತು ಕೀಲಿಮಣೆಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಕೈಗೆ ಸರಿಯಾದ ಎತ್ತರದಲ್ಲಿಟ್ಟರೆ ಕತ್ತು ಬಾಗುತ್ತದೆ, ಕಣ್ಣಿಗೆ ಸರಿಯಾಗಿಟ್ಟರೆ ಕೈ ತೋಳು ಎತ್ತಿ ಹಿಡಿಯಬೇಕಾಗುತ್ತದೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಬೇಕು, ಮೊಣಕೈ ಕಾಟಕೋನದಲ್ಲಿ ಮಡಿಚಿರಬೇಕು ಎಂಬ ಎರಡು ನಿಯಮಗಳನ್ನೂ ಪಾಲಿಸಬೇಕಾದರೆ ಯಂತ್ರವನ್ನು ಏಳೆಂಟು ಇಂಚು ಎತ್ತರಿಸಿ, ಬೇರೊಂದು ಕೀಲಿಮಣೆಯನ್ನು ಜೋಡಿಸುವುದು ಅನಿವಾರ್ಯ. ನಮ್ಮ ಹುಡುಗಿಯು ಇದಕ್ಕೆಂದು ಸಾಧನವೊಂದನ್ನು ತರಿಸಲು ಹೊರಟಾಗ ನನ್ನ ಹೆಂಡತಿ ದೇವರ ಕೋಣೆಯಿಂದ ಹಳೆಯ ವ್ಯಾಸಪೀಠವನ್ನು ತಂದು ಮುಂದಿಟ್ಟಳು. ಒಂದೇ ಹಲಗೆಯನ್ನು ಮಧ್ಯದಲ್ಲಿ ಸೀಳಿ, ಮೊಳೆಯಿಲ್ಲದೆ ಬಿಜಾಗರಿಯಿಲ್ಲದೆ ಒಂದರೊಳಗೊಂದು ಹೆಣೆದುಕೊಳ್ಳುವಂತೆ ಕಡೆದ ಆ ಪೀಠದ ಮೇಲೆ ಯಂತ್ರವು ಪುರಾಣದ ಪೊತ್ತಿಗೆಯಷ್ಟೇ ಗಾಂಭೀರ್ಯದಿಂದ ಕುಳಿತಿತು. ಅಡಿಯಲ್ಲಿ ಗಾಳಿಯಾಡುವುದರಿಂದ ಕಾಯುವುದೂ ಕಡಿಮೆಯಾಯಿತು. ಪುರಾಣವನ್ನೋದುವ ದಿನಗಳಲ್ಲಿ ಅದು ಮರಳಿ ಒಳಗೆ ಹೋಗುತ್ತದೆ. ಇದನ್ನು ಅಪಚಾರವೆನ್ನುವವರು ಎನ್ನಲಿ. ಬರೆದು ದುಡಿಯುವುದಕ್ಕೆ ಸರಸ್ವತಿಯು ಕೋಪಿಸಿಕೊಳ್ಳಲಾರಳು.

ಬಡಿಗನು ಮಾಡಿಕೊಟ್ಟ ಮೇಜಿಗೆ ನಾಲ್ಕು ಕಾಲುಗಳಿಲ್ಲ. 34 ಇಂಚು ಉದ್ದ, 18 ಇಂಚು ಅಗಲದ ಹಲಗೆಯೊಂದು ಬಿಜಾಗರಿಗಳಿಂದ ಗೋಡೆಯ ಪಟ್ಟಿಗೆ ಸೇರಿ, ಕೆಳಗಿನಿಂದ ಬಾಗಿಲಿನಂತೆ ತಿರುಗಿ ಬರುವ ಎರಡು ರೆಕ್ಕೆಗಳ ಮೇಲೆ ನಿಲ್ಲುತ್ತದೆ. ಕೆಲಸ ಮುಗಿದಾಗ ರೆಕ್ಕೆಗಳನ್ನು ಮಡಿಚಿದರೆ ಹಲಗೆ ಗೋಡೆಗೆ ಒರಗಿ ಇಳಿಯುತ್ತದೆ, ಆಗ ಅದು ಆಕ್ರಮಿಸುವ ಜಾಗ ಮೂರೇ ಇಂಚು. ಕಟ್ಟಿಗೆಯೋ, ಹಳೆಯ ಮಾಳಿಗೆ ಮನೆಯೊಂದನ್ನು ಬಿಚ್ಚಿದಾಗ ಮಾರಾಟಕ್ಕೆ ಬಂದ ಬಾಗಿಲಿನ ಸಾಗವಾನಿ. ಎಲ್ಲೆಡೆಯೂ ಹಳೆಯ ಮನೆಗಳು ಬೀಳುತ್ತಿರುವ ಈ ದಿನಗಳಲ್ಲಿ ತೊಲೆ, ಜಂತಿ, ಬಾಗಿಲುಗಳು ಹೊಸ ಸಾಗವಾನಿಗಿಂತ ಕಡಿಮೆ ಬೆಲೆಗೆ ದೊರೆಯುತ್ತವೆ. ಅರ್ಧ ಶತಮಾನ ಒಣಗಿದ ಆ ಕಟ್ಟಿಗೆ ಇನ್ನು ಸೊಟ್ಟಗಾಗುವ ಭಯವೂ ಇಲ್ಲ. ಬೇವು ಕೂಡ ಒಳ್ಳೆಯದು, ಹುಳ ಹಿಡಿಯುವುದು ಕಡಿಮೆ. ಜಾಲಿ ಗಟ್ಟಿ, ಗಾಡಿಗೂ ಕೂರಿಗೆಗೂ ಹೇಳಿಮಾಡಿಸಿದ್ದು, ಆದರೆ ಗೋಡೆಗೆ ತೂಗುಹಾಕುವ ಹಲಗೆಗೆ ಅದರ ಭಾರ ಸಲ್ಲದು. ಪ್ಲೈವುಡ್ಡನ್ನೂ ನಾನು ನಿರಾಕರಿಸುವವನಲ್ಲ. ಎಂಟಡಿ ನಾಲ್ಕಡಿಯ ಒಂದು ಹಾಳೆಯಲ್ಲಿ ಇಂತಹ ಮೇಜು, ಮೇಲೊಂದು ಕಪಾಟು, ಎರಡೂ ಆಗಿ ಇನ್ನಷ್ಟು ಉಳಿಯುತ್ತದೆ.

ಗೋಡೆಯ ಪ್ರಶ್ನೆ ಮಾತ್ರ ಸುಲಭವಲ್ಲ. ಹಳೆಯ ಮನೆಗಳ ಕಲ್ಲುಮಣ್ಣಿನ ಗೋಡೆಗಳು ಎರಡಡಿ ದಪ್ಪವಿದ್ದು, ಆ ದಪ್ಪದೊಳಗೆಯೇ ಮಾಡಗಳು, ಗೂಡುಗಳು, ದೀಪದ ಸ್ಥಳ ಎಲ್ಲವೂ ಅಡಗಿರುತ್ತಿದ್ದುವು; ಗೋಡೆಯೇ ಅರ್ಧ ಪೀಠೋಪಕರಣವಾಗಿತ್ತು. ಈಗಿನ ನಾಲ್ಕೂವರೆ ಇಂಚಿನ ಇಟ್ಟಂಗಿಯ ಅಡ್ಡಗೋಡೆಯಲ್ಲಿ ಮಾಡವೂ ಸಾಧ್ಯವಿಲ್ಲ, ಭಾರದ ಹಲಗೆಯನ್ನು ತೂಗುಹಾಕುವುದೂ ಕ್ಷೇಮವಲ್ಲ. ಒಂಬತ್ತು ಇಂಚಿನ ಹೊರಗೋಡೆಯನ್ನಾಗಲಿ ಕಾಂಕ್ರೀಟಿನ ಕಂಬವನ್ನಾಗಲಿ ಆರಿಸಿಕೊಳ್ಳಬೇಕು. ಬಾಡಿಗೆಯ ಮನೆಯವರಿಗೆ ಗೋಡೆ ಕೊರೆಯುವ ಅಧಿಕಾರವೇ ಇಲ್ಲವಾದ್ದರಿಂದ ಅವರಿಗೆ ಮಡಿಚುವ ಕಾಲಿನ ಮೇಜೇ ಗತಿ. ತವರಿನಿಂದ ಬರುವ ತೊಟ್ಟಿಲನ್ನು ಬಿಚ್ಚಿ ಗಾಡಿಯಲ್ಲಿಟ್ಟು ತಂದು, ಬೆಣೆ ಬಡಿದು ಕೂಡಿಸುವ ವಿದ್ಯೆಯನ್ನು ಬಲ್ಲ ನಾಡು ನಮ್ಮದು. ಸ್ವೀಡನ್ನಿನ ಐಕಿಯಾ ಸಂಸ್ಥೆಯವರು 1956ರಲ್ಲಿ, ಕಾರಿನಲ್ಲಿ ಹಿಡಿಸದ ಮೇಜೊಂದರ ಕಾಲುಗಳನ್ನು ಬಿಚ್ಚಿ ಸಾಗಿಸಿದಂದಿನಿಂದ ಅದನ್ನೇ ಒಂದು ಜಗದ್ವ್ಯಾಪಾರವನ್ನಾಗಿ ಬೆಳೆಸಿ, 2022ರಲ್ಲಿ ಬೆಂಗಳೂರಿನ ನಾಗಸಂದ್ರಕ್ಕೂ ಬಂದರು. ನಮ್ಮ ತೊಟ್ಟಿಲಿನ ಬಡಿಗನು ಮಾತ್ರ ಇದ್ದಲ್ಲಿಯೇ ಇದ್ದಾನೆ.

ವಿದ್ಯುತ್ತಿನ ಸಂಗತಿಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಈ ಸೀಮೆಯವರು ಈ ವಿಷಯದಲ್ಲಿ ಹಿಂದುಳಿಯಬೇಕಾದ ಕಾರಣವೇ ಇಲ್ಲ. ಗೋಕಾಕ ಜಲಪಾತದ ಶಕ್ತಿಯಿಂದ ನೂಲಿನ ಗಿರಣಿಯು 1887ರಲ್ಲಿಯೇ ತಿರುಗತೊಡಗಿತು. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು 1969ರಲ್ಲಿ, ದೇಶದಲ್ಲಿ ಪ್ರಯೋಗಾರ್ಥವಾಗಿ ಸ್ಥಾಪಿತವಾದ ಐದು ಸಂಘಗಳಲ್ಲಿ ಒಂದಾಗಿ ಹುಟ್ಟಿ, ರೈತರೇ ಸದಸ್ಯರಾಗಿ ಹಳ್ಳಿಹಳ್ಳಿಗೆ ತಂತಿ ಎಳೆಯಿತು. ಆದರೂ ನಮ್ಮ ಮನೆಗಳಲ್ಲಿ ಸ್ವಿಚ್ ಬೋರ್ಡು ಇಂದಿಗೂ ಎದೆಮಟ್ಟದಲ್ಲಿ, ಬಾಗಿಲಿನ ಪಕ್ಕದಲ್ಲಿ. ಅಲ್ಲಿಂದ ಲ್ಯಾಪ್‌ಟಾಪಿನ ತಂತಿ ನೆಲಕ್ಕಿಳಿದು, ನಡೆಯುವ ದಾರಿಯನ್ನು ಹಾದು, ಮೇಜಿಗೇರುತ್ತದೆ. ಮನೆಯಲ್ಲಿ ಒಬ್ಬರಾದರೂ ಅದಕ್ಕೆ ಎಡವಿರುತ್ತಾರೆ. ಮನೆ ಕಟ್ಟುವಾಗಲೇ ಒಂದು ಕಿಟಕಿಯ ಬದಿಗೆ, ನೆಲದಿಂದ ಮೂರಡಿಯ ಒಳಗೆ, ಎರಡು ಪ್ಲಗ್ಗುಗಳನ್ನು ಹಾಕಿಸಲು ಎಷ್ಟು ಖರ್ಚು ತಾನೇ ಆದೀತು? ಕಿಟಕಿ ಎದುರಿಗೂ ಬೇಡ, ಬೆನ್ನಿಗೂ ಬೇಡ. ಬರೆಯುವ ಕೈಗೆ ನೆರಳು ಬೀಳದಂತೆ ಪಕ್ಕದಲ್ಲಿರಲಿ. ಪೂರ್ವಾಭಿಮುಖವಾಗಿಯೇ ಕೂರಬೇಕೆಂದು ವಾಸ್ತುವಿನವರು ಹೇಳಿದ ಮೇರೆಗೆ ಮೂಡಣ ಕಿಟಕಿಗೆ ಎದುರಾಗಿ ಮೇಜು ಹಾಕಿಸಿದ ಪರಿಚಿತರೊಬ್ಬರು ಹತ್ತು ಗಂಟೆಯವರೆಗೆ ಕಣ್ಣು ಕಿರಿದು ಮಾಡಿಕೊಂಡು, ಕೊನೆಗೆ ಕಿಟಕಿಗೆ ಹಳೆಯ ಕ್ಯಾಲೆಂಡರ್ ಅಂಟಿಸಿದ್ದಾರೆ.

1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ವಿನ್ಯಾಸಕ ದಂಪತಿಗಳು ನಮ್ಮ ಸರ್ಕಾರಕ್ಕೊಂದು ವರದಿಯನ್ನು ಒಪ್ಪಿಸಿದರು. ಅದರ ಬಳಿಕ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಸ್ಥಾಪನೆಯಾಯಿತು. ಕುರ್ಚಿಗಳನ್ನು ರೂಪಿಸಿ ಲೋಕಪ್ರಸಿದ್ಧರಾದ ಆ ದಂಪತಿಗಳು ಭಾರತದಲ್ಲಿ ತಾವು ಕಂಡ ವಸ್ತುಗಳ ಪೈಕಿ ಅತ್ಯಂತ ಮೆಚ್ಚಿ ಬರೆದದ್ದು ಕುರ್ಚಿಯನ್ನಲ್ಲ, ತಂಬಿಗೆಯನ್ನು. ಅದರಲ್ಲಿ ಎಷ್ಟು ನೀರು ಹಿಡಿಸಬೇಕು, ತುಂಬಿದಾಗ ಭಾರ ಹೇಗೆ ನಿಲ್ಲುತ್ತದೆ, ಬಗ್ಗಿಸಿದಾಗ ಹೇಗೆ ಸುರಿಯುತ್ತದೆ, ತೊಳೆಯುವಾಗ ಕೈ ಒಳಗೆ ಹೋಗುತ್ತದೆಯೇ, ಕೈಗೆ ತಾಗಿದಾಗ ಹೇಗಿರುತ್ತದೆ ಎಂಬಂತಹ ಪ್ರಶ್ನೆಗಳಿಗೆಲ್ಲ ಹೆಸರಿಲ್ಲದ ಅನೇಕ ತಲೆಮಾರುಗಳು ಕಂಡುಕೊಂಡ ಉತ್ತರವೇ ಆ ಆಕಾರ. ಮನೆಯ ಮೇಜಿಗೂ ಇವೇ ಜಾತಿಯ ಪ್ರಶ್ನೆಗಳನ್ನು ಹಾಕಬೇಕು: ಕೆಳಗೆ ಕಸಬರಿಗೆ ಆಡುತ್ತದೆಯೇ? ಮಗು ಅಂಚಿಗೆ ಹಣೆ ಬಡಿದುಕೊಳ್ಳುತ್ತದೆಯೇ? ನೆಂಟರು ಬಂದ ರಾತ್ರಿ ಅದು ಎಲ್ಲಿಗೆ ಹೋಗುತ್ತದೆ? ಅರ್ಧಕ್ಕೆ ಬಿಟ್ಟ ಕಾಗದಗಳನ್ನು ಚೆದರಿಸದೆ ಮುಚ್ಚಿಡಬಹುದೇ? ವಿನ್ಯಾಸಕ್ಕೆ ಬೆಲೆ ತಿಳಿಯದ ದೇಶದ ಗತಿಯನ್ನು ಚಂಡೀಗಢ ತೋರಿಸಿಕೊಟ್ಟಿದೆ. ಅಲ್ಲಿಯ ಕಚೇರಿಗಳಿಗಾಗಿ 1950ರ ದಶಕದಲ್ಲಿ ಪಿಯರ್ ಜನ್ನರೇ ರೂಪಿಸಿದ ಸಾಗವಾನಿ ಬೆತ್ತಗಳ ಕುರ್ಚಿಗಳನ್ನು ಗುಜರಿಯೆಂದು ರಾಶಿ ಹಾಕಿದರು. ಅವನ್ನೇ ಕೊಂಡೊಯ್ದು ವಿದೇಶದ ಹರಾಜುಗಳಲ್ಲಿ ಲಕ್ಷಗಟ್ಟಲೆಗೆ ಮಾರಿದರು.

ಸರ್ಕಾರದಿಂದ ನಾನು ಬಹಳವನ್ನು ಅಪೇಕ್ಷಿಸುವವನಲ್ಲ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ ಹದಿನೆಂಟು ಕಸುಬುಗಳ ಪೈಕಿ ಬಡಿಗತನವೂ ಇದೆ. ಉಪಕರಣಗಳಿಗೆ 15,000 ರೂಪಾಯಿ, ಅಡಮಾನವಿಲ್ಲದೆ ಮೊದಲು ಒಂದು ಲಕ್ಷ, ಅನಂತರ ಎರಡು ಲಕ್ಷದವರೆಗೆ ಸಾಲ. ಇದು ಒಳ್ಳೆಯದೇ. ಅದರ ತರಬೇತಿಯಲ್ಲಿ ಕುಳಿತ ಮನುಷ್ಯನ ಮೈ ಅಳೆಯುವುದನ್ನು ಒಂದು ದಿನ, ಸಣ್ಣ ಕೋಣೆಯ ನಕ್ಷೆ ಬರೆಯುವುದನ್ನು ಇನ್ನೊಂದು ದಿನ ಕಲಿಸಿದರೆ, ತಾಲ್ಲೂಕಿನ ಬಡಿಗನು ಬೆಂಗಳೂರಿನ ಅಂಗಡಿಯು ಕೊಡಲಾರದ ಒಂದನ್ನು ಕೊಡಬಲ್ಲನು. ಗೋಕಾಕ ತಾಲ್ಲೂಕಿನಿಂದ ಬೇರ್ಪಟ್ಟು ತಾನೇ ತಾಲ್ಲೂಕು ಕೇಂದ್ರವಾದ ಮೂಡಲಗಿಯಲ್ಲಿ ಹೊಸ ಮನೆಗಳು ಏಳುತ್ತಿವೆ; ಅವುಗಳ ನಕ್ಷೆಯಲ್ಲಿ ಮೂರಡಿ ಗೋಡೆ, ಒಂದು ಕಿಟಕಿ, ಎರಡು ಪ್ಲಗ್ಗು, ಇಷ್ಟನ್ನು ಈಗಲೇ ಗುರುತು ಹಾಕಿಸಿಕೊಂಡರೆ ಆಮೇಲೆ ಗೋಡೆ ಒಡೆಯುವುದು ತಪ್ಪುತ್ತದೆ. ಬಡಿಗರ ಮೇಲೂ ನನ್ನದೊಂದು ದೂರುಂಟು. ಹೇಳಿದ ದಿನಕ್ಕೆ ಬರುವುದಿಲ್ಲ, ಮುಂಗಡ ಪಡೆದು ಇನ್ನೊಂದು ಊರಿನ ಲಗ್ನದ ಮಂಚಕ್ಕೆ ಹೋಗಿಬಿಡುತ್ತಾರೆ. ನಮ್ಮ ಮೇಜು ಬಂದದ್ದು ಒಂದು ತಿಂಗಳೆಂದು ಹೇಳಿ ಮೂರು ತಿಂಗಳಿಗೆ. ಮೊಬೈಲಿನಲ್ಲಿ ಒತ್ತಿದರೆ ನಾಲ್ಕು ದಿನದಲ್ಲಿ ಬಾಗಿಲಿಗೆ ಬರುವ ಪೆಟ್ಟಿಗೆಯೊಡನೆ ಸೆಣಸಬೇಕಾದವರಿಗೆ ಈ ರೂಢಿ ನಡೆಯುವುದಿಲ್ಲ.

ಮೇಜು ಬಂದ ದಿನ ಅದನ್ನು ಬಿಚ್ಚಿ ಮುಚ್ಚಿ ತೋರಿಸಿ, ರೆಕ್ಕೆಗಳ ಕೀಲಿಗೆ ಎಣ್ಣೆ ಬಿಟ್ಟು, ಚಹಾ ಕುಡಿಯಲು ಕುಳಿತ ಬಡಿಗನು ಅಳತೆಯ ದಾರವನ್ನು ಮರಳಿ ಜೇಬಿಗಿಳಿಸುತ್ತಿದ್ದನು. ಅಷ್ಟರಲ್ಲಿ ಅಡಿಗೆಮನೆಯಿಂದ ನನ್ನ ಹೆಂಡತಿ ಹೊರಗೆ ಬಂದಳು. ನಲವತ್ತು ವರ್ಷಗಳಿಂದ ಹಾಲಿನ ಲೆಕ್ಕ, ಕಿರಾಣಿಯ ಲೆಕ್ಕ, ಮಹಿಳಾ ಸಂಘದ ಉಳಿತಾಯದ ಲೆಕ್ಕ ಇವೆಲ್ಲವನ್ನೂ ಆಕೆ ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ವಹಿಯನ್ನಿಟ್ಟುಕೊಂಡು ಬರೆಯುತ್ತ ಬಂದವಳು. ನಾನು ಎರಡು ಮೇಜುಗಳನ್ನು ಕೊಂಡು ಒಂದನ್ನು ನೀರಿಗೆ ಒಪ್ಪಿಸಿದ ಕಾಲಾವಧಿಯಲ್ಲಿ ಆಕೆ ಒಂದನ್ನೂ ಕೇಳಿದವಳಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು, ಆ ಗಿಡ್ಡ ಸ್ಟೂಲನ್ನು ತಾನೇ ಎಳೆದುಕೊಂಡು ಗೋಡೆಯ ಬದಿಗೆ ಕುಳಿತು, “ಆ ದಾರ ಇನ್ನೂ ಉದ್ದ ಐತೇನಪಾ? ಹಂಗಾರ ನಂದೂ ಒಂದ ಅಳತಿ ತಗೋ,” ಎಂದಳು.